ಕಣಗಳ ಬೆನ್ನು ಹತ್ತಿದ ಹೋಮಿ ಭಾಭಾ

ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು 1915ರಲ್ಲಿ ಕಂಡುಹಿಡಿದವರು ಬೀಡನ್ ಎಂಬ ಗಣಿ ಎಂಜಿನಿಯರ್. ಅವರು ಬಂದದ್ದು ಚಿನ್ನದ ಅದಿರನ್ನು ಅರಸುತ್ತ. ದೊರೆತದ್ದು ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂದು ಜಗತ್ತಿಗೆ ತಿಳಿಸಿದ ಹೆಸರು. ನಮ್ಮ ಈ ಸೀಮೆಯಲ್ಲಿ ನೆಲವನ್ನು ಅಗೆದು ಚಿನ್ನ ತೆಗೆಯುವ ಕೆಲಸ ಅಂದಿಗಿಂತಲೂ ಎಷ್ಟೋ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಅದು ಇಂದಿಗೂ ನಡೆಯುತ್ತಿದೆ.

ಧರ್ಮೋಪದೇಶದ ತರಗತಿಯ ಬಳಿಕ ಪಿಯುಸಿ ಓದುತ್ತಿರುವ ಬಾಲಕನೊಬ್ಬನು ನಮ್ಮನ್ನು ಒಂದು ಪ್ರಶ್ನೆ ಕೇಳಿದನು. ಪರಮಾಣುವಿನ ಒಳಗೆ ಬಹುಪಾಲು ಬರಿಯ ಬಯಲೆಂದು ರಸಾಯನಶಾಸ್ತ್ರದ ಪುಸ್ತಕ ಹೇಳುತ್ತದೆ. ಹಾಗಾದರೆ ದೇವಾಲಯದ ಗೋಡೆಯನ್ನು ಮುಟ್ಟಿದಾಗ ಕೈ ಒಳಗೆ ಹೋಗದೆ ನಿಲ್ಲುವುದೇಕೆ ಎಂಬುದು ಅವನ ಶಂಕೆ. ಗುರುಮಠದಲ್ಲಿ ನಾವು ಓದಿದ್ದು ತತ್ತ್ವಶಾಸ್ತ್ರ. ಅರಿಸ್ಟಾಟಲನ ದ್ರವ್ಯ ಮತ್ತು ರೂಪಗಳ ವಿಚಾರವನ್ನು ಬಲ್ಲೆವಾದರೂ ಆ ಬಾಲಕನಿಗೆ ಆ ಕ್ಷಣದಲ್ಲಿ ತಕ್ಕ ಉತ್ತರ ಕೊಡಲಾಗಲಿಲ್ಲ. ಉತ್ತರವನ್ನು ಅರಸುತ್ತ ಹೋದಾಗ ನಮಗೆ ಎದುರಾದದ್ದು ನಮ್ಮ ಕರ್ನಾಟಕದ ನಂಟುಳ್ಳ ಒಬ್ಬ ಮಹನೀಯರ ಜೀವನ. ಅವರೇ ಹೋಮಿ ಜಹಾಂಗೀರ್ ಭಾಭಾ.

ಭಾಭಾ ಅವರು ಮುಂಬಯಿಯ ಶ್ರೀಮಂತ ಪಾರ್ಸಿ ಮನೆತನದಲ್ಲಿ 1909ರ ಅಕ್ಟೋಬರ್ 30ರಂದು ಜನಿಸಿದರು. ಅವರ ಅಜ್ಜ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ಹೀಗಾಗಿ ತಂದೆ ಜಹಾಂಗೀರರ ಬಾಲ್ಯ ಕಳೆದದ್ದು ಕನ್ನಡ ನಾಡಿನಲ್ಲಿ. ಸೋದರತ್ತೆ ಮೆಹರ್‌ಬಾಯಿ ಅವರನ್ನು ದೊರಾಬ್‌ಜಿ ಟಾಟಾ ಅವರಿಗೆ ಕೊಟ್ಟು ವಿವಾಹವಾಗಿತ್ತು. ಆದುದರಿಂದ ಬಾಲಕ ಹೋಮಿಯ ಭವಿಷ್ಯವನ್ನು ಹಿರಿಯರು ಮೊದಲೇ ನಿಶ್ಚಯಿಸಿಬಿಟ್ಟಿದ್ದರು: ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಗೆ ಬರಬೇಕು.

1927ರಲ್ಲಿ ಕೇಂಬ್ರಿಜ್‌ಗೆ ಹೋದ ತರುಣನ ಮನಸ್ಸು ಒಂದೇ ವರ್ಷದಲ್ಲಿ ಬೇರೆಡೆ ತಿರುಗಿತು. ತನ್ನ ಬಾಳು ಭೌತಶಾಸ್ತ್ರಕ್ಕೇ ಮೀಸಲು, ದೊಡ್ಡ ಕಂಪನಿಯ ಯಶಸ್ವಿ ಅಧಿಕಾರಿಯಾಗುವ ಆಸೆ ತನಗಿಲ್ಲ ಎಂದು ಅವರು ತಂದೆಗೆ ಪತ್ರ ಬರೆದರು. ತಂದೆ ಕೋಪಿಸಿಕೊಳ್ಳಲಿಲ್ಲ, ಒಡನೆಯೇ ಒಪ್ಪಲೂ ಇಲ್ಲ. ಹಿಡಿದ ಎಂಜಿನಿಯರಿಂಗನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರೆ ಮುಂದಿನ ಓದಿಗೆ ಹಣ ಒದಗಿಸುವುದಾಗಿ ಷರತ್ತು ಹಾಕಿದರು. ಮಗ 1930ರಲ್ಲಿ ಷರತ್ತನ್ನು ಪೂರೈಸಿದನು. 1932ರಲ್ಲಿ ಗಣಿತದಲ್ಲಿಯೂ ಪ್ರಥಮ ದರ್ಜೆ ಪಡೆದನು. ಮಕ್ಕಳು ಯಾವ ಕೋರ್ಸಿಗೆ ಸೇರಬೇಕೆಂದು ಮನೆ ಮನೆಯಲ್ಲಿ ಜಗಳವಾಗುವ ಜೂನ್ ತಿಂಗಳಲ್ಲಿ ನಮ್ಮ ತಂದೆತಾಯಂದಿರು ಈ ಷರತ್ತನ್ನು ನೆನೆಯಬಹುದು.

ಆ ಕಾಲದ ಕೇಂಬ್ರಿಜ್ ಎಂಥದೆಂದು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಅಲ್ಲಿಯ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಅರ್ನೆಸ್ಟ್ ರುದರ್‌ಫರ್ಡ್ ಮುಖ್ಯಸ್ಥರು. ಅವರು ಅದಕ್ಕೆ ಮುಂಚೆ ಮ್ಯಾಂಚೆಸ್ಟರಿನಲ್ಲಿದ್ದಾಗ, 1909ರಲ್ಲಿ, ಅಂದರೆ ಭಾಭಾ ಹುಟ್ಟಿದ ವರ್ಷವೇ, ಅವರ ಶಿಷ್ಯರು ಅತಿ ತೆಳುವಾದ ಚಿನ್ನದ ತಗಡಿನ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದ್ದರು. ಬಹುತೇಕ ಕಣಗಳು ತಗಡೇ ಇಲ್ಲವೆಂಬಂತೆ ನೇರವಾಗಿ ದಾಟಿದವು. ಎಲ್ಲೋ ಕೆಲವು ಮಾತ್ರ ಬಂಡೆಗೆ ಬಡಿದಂತೆ ಹಿಂದಕ್ಕೆ ಚಿಮ್ಮಿದವು. ಪರಮಾಣುವಿನ ತೂಕವೆಲ್ಲ ನಡುವಿನ ಅತಿ ಚಿಕ್ಕ ಬೀಜಕೇಂದ್ರದಲ್ಲಿ ಅಡಗಿದೆ ಎಂದು 1911ರಲ್ಲಿ ರುದರ್‌ಫರ್ಡ್ ತೀರ್ಮಾನಿಸಿದರು.

ಹಟ್ಟಿಯ ಚಿನ್ನಕ್ಕೂ ಇದೇ ಲೆಕ್ಕ. ಅದರ ಪ್ರತಿ ಪರಮಾಣುವಿನ ಬೀಜಕೇಂದ್ರದಲ್ಲಿ ಧನ ವಿದ್ಯುತ್ತುಳ್ಳ 79 ಪ್ರೋಟಾನುಗಳೂ ವಿದ್ಯುತ್ತಿಲ್ಲದ 118 ನ್ಯೂಟ್ರಾನುಗಳೂ ಇವೆ. ಹೊರಗೆ ಋಣ ವಿದ್ಯುತ್ತಿನ 79 ಎಲೆಕ್ಟ್ರಾನುಗಳು. ಒಂದು ಪ್ರೋಟಾನು ಕಡಿಮೆಯಾದರೆ ಅದು ಪ್ಲಾಟಿನಂ, ಒಂದು ಹೆಚ್ಚಾದರೆ ಪಾದರಸ. ನಮ್ಮ ಅಕ್ಕಸಾಲಿಗರು ಒರೆಗಲ್ಲಿನಲ್ಲಿ ಪರೀಕ್ಷಿಸುವ ಗುಣವೆಲ್ಲವೂ ಆ 79ರ ಎಣಿಕೆಯಿಂದ ಬಂದದ್ದು. ಇನ್ನು ಅಳತೆ: ಬೀಜಕೇಂದ್ರವನ್ನು ಒಂದು ಜೋಳದ ಕಾಳೆಂದು ಭಾವಿಸಿದರೆ ಚಿನ್ನದ ಪರಮಾಣು ಸುಮಾರು ಎರಡು ಎಕರೆಯ ಹೊಲದಷ್ಟು ಅಗಲ. ಹೊಲದ ನಡುವೆ ಒಂದು ಕಾಳು, ಉಳಿದ ಬಯಲಿನಲ್ಲಿ ಕಾಳಿಗೆ ಹೋಲಿಸಿದರೆ ತೂಕವೇ ಇಲ್ಲವೆನ್ನಬಹುದಾದ ಎಲೆಕ್ಟ್ರಾನುಗಳು. ಒಂದು ಪ್ರೋಟಾನಿನ ತೂಕಕ್ಕೆ ಸುಮಾರು 1836 ಎಲೆಕ್ಟ್ರಾನುಗಳು ಬೇಕು.

1932ರಲ್ಲಿ, ಭಾಭಾ ಅವರ ಕಣ್ಣ ಮುಂದೆಯೇ ಎನ್ನುವಂತೆ, ಜೇಮ್ಸ್ ಚಾಡ್ವಿಕ್ ಕ್ಯಾವೆಂಡಿಷ್‌ನಲ್ಲಿ ನ್ಯೂಟ್ರಾನನ್ನು ಕಂಡುಹಿಡಿದರು. ಅದೇ ವರ್ಷ ಅಮೆರಿಕದಲ್ಲಿ ಕಾರ್ಲ್ ಆಂಡರ್ಸನ್ನರಿಗೆ ಎಲೆಕ್ಟ್ರಾನಿನ ತದ್ರೂಪವಾಗಿದ್ದು ಧನ ವಿದ್ಯುತ್ತನ್ನು ಹೊತ್ತ ಪಾಸಿಟ್ರಾನ್ ಕಂಡಿತು. ಅದು ಸಿಕ್ಕಿದ್ದು ಆಕಾಶದಿಂದ ಬರುವ ವಿಶ್ವಕಿರಣಗಳಲ್ಲಿ. ಈ ಕಿರಣಗಳ ಕಥೆಯಲ್ಲಿ ಕಥೋಲಿಕರ ಪಾಲೂ ಇದೆಯೆಂಬುದನ್ನು ನಮ್ಮ ವಾಚಕರಿಗೆ ಹೇಳದಿರಲಾರೆವು. ಯೇಸುಸಭೆಯ ಗುರು ಥಿಯೊಡೋರ್ ವುಲ್ಫ್ ಅವರು ತಾವೇ ರೂಪಿಸಿದ ವಿದ್ಯುನ್ಮಾಪಕವನ್ನು 1910ರಲ್ಲಿ ಪ್ಯಾರಿಸಿನ ಐಫೆಲ್ ಗೋಪುರದ ಮೇಲಕ್ಕೆ ಒಯ್ದು, ಮೇಲೆ ಹೋದಂತೆ ಕಿರಣಗಳ ಪ್ರಭಾವ ನಿರೀಕ್ಷಿಸಿದಷ್ಟು ತಗ್ಗುವುದಿಲ್ಲವೆಂದು ಕಂಡರು. ಎರಡು ವರ್ಷಗಳ ತರುವಾಯ ಆಸ್ಟ್ರಿಯಾದ ಕಥೋಲಿಕ ವಿಜ್ಞಾನಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಸಾವಿರ ಮೀಟರಿಗೂ ಎತ್ತರ ಏರಿ, ಅವು ಭೂಮಿಯ ಹೊರಗಿನಿಂದ ಬರುತ್ತವೆಂದು ತೋರಿಸಿದರು.

ಭಾಭಾ ತಮ್ಮ ಬಾಳಿನ ಕೆಲಸವನ್ನು ಕಂಡುಕೊಂಡದ್ದು ಈ ವಿಶ್ವಕಿರಣಗಳಲ್ಲಿಯೇ. ಜೂರಿಕ್‌ನಲ್ಲಿ ವೋಲ್ಫ್‌ಗಾಂಗ್ ಪೌಲಿ, ರೋಮಿನಲ್ಲಿ ಎನ್ರಿಕೊ ಫೆರ್ಮಿ ಇವರ ಬಳಿ ಅವರು ಕೆಲಕಾಲ ಕಲಿತರು. ನಮ್ಮ ಬಾಲಕನ ಪ್ರಶ್ನೆಗೆ ಉತ್ತರ ಸಿಗುವುದು ಪೌಲಿಯ ಹೆಸರಿನ ನಿಯಮದಲ್ಲಿ. ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಕೂಡಿ ಇರಲಾರವು. ಒಂದು ಇದ್ದ ಕಡೆ ಅದೇ ಬಗೆಯ ಮತ್ತೊಂದಕ್ಕೆ ಎಡೆಯಿಲ್ಲ. ಜೊತೆಗೆ ಋಣವು ಋಣವನ್ನು ದೂಡುತ್ತದೆ. ಕೈಯ ಎಲೆಕ್ಟ್ರಾನುಗಳು ಗೋಡೆಯ ಎಲೆಕ್ಟ್ರಾನುಗಳನ್ನು ಸಮೀಪಿಸಿದಾಗ ಈ ನಿಯಮ ಅಡ್ಡ ನಿಲ್ಲುತ್ತದೆ. ಬಯಲಾಗಿದ್ದರೂ ಹೊಲಕ್ಕೆ ಬೇಲಿಯಿದೆ. ಗೋಡೆಯ ಗಟ್ಟಿತನವೆಂಬುದು ಒಂದು ನಿಯಮದ ಗಟ್ಟಿತನವೆಂದು ತಿಳಿದಾಗ, ದ್ರವ್ಯಕ್ಕಿಂತ ರೂಪಕ್ಕೆ ಹಿರಿಮೆ ಕೊಟ್ಟ ಅರಿಸ್ಟಾಟಲನನ್ನು ನೆನೆದು ನಮಗೆ ಒಳಗೊಳಗೇ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇವೆ. ಪರಮಾಣುವಾದವೆಂದರೆ ನಾಸ್ತಿಕವಾದವೆಂಬ ಗುಮಾನಿ ಹಿಂದೆ ಇದ್ದದ್ದುಂಟು. ಹದಿನೇಳನೆಯ ಶತಮಾನದ ಫ್ರೆಂಚ್ ಗುರು ಪಿಯೆರ್ ಗಸೆಂದಿ, ಪರಮಾಣುಗಳೂ ದೇವರ ಸೃಷ್ಟಿಯೆಂದು ವಾದಿಸಿ ಆ ಗುಮಾನಿಯನ್ನು ಕಳೆಯಲು ಶ್ರಮಿಸಿದರು.

1936ರಲ್ಲಿ ಭಾಭಾ ಅವರು ಎಲೆಕ್ಟ್ರಾನಿಗೆ ಪಾಸಿಟ್ರಾನು ಎದುರಾದಾಗ ಅವು ಹೇಗೆ ಚದುರುತ್ತವೆ ಎಂಬುದನ್ನು ಲೆಕ್ಕ ಹಾಕಿದರು. ಜಗತ್ತಿನ ಪ್ರಯೋಗಾಲಯಗಳು ಈ ಕ್ರಿಯೆಯನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತವೆ. ಮರುವರ್ಷ ವಾಲ್ಟರ್ ಹೈಟ್ಲರ್ ಅವರೊಡನೆ ಕಣಗಳ ಮಳೆಯ ಸಿದ್ಧಾಂತವನ್ನು ಮಂಡಿಸಿದರು. ವೇಗದ ಎಲೆಕ್ಟ್ರಾನೊಂದು ಬೀಜಕೇಂದ್ರದ ಬಳಿ ಹಾಯುವಾಗ ಬೆಳಕಿನ ಕಣವನ್ನು ಹೊರಸೂಸುತ್ತದೆ; ಆ ಬೆಳಕು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನುಗಳ ಜೋಡಿಯಾಗುತ್ತದೆ; ಅವು ಮತ್ತೆ ಬೆಳಕನ್ನು ಸೂಸುತ್ತವೆ. ಒಂದು ಕಾಳಿನಿಂದ ತೆನೆ, ತೆನೆಯಿಂದ ಹೊಲ. ಆಕಾಶದ ಮೇಲ್ತುದಿಗೆ ಬಡಿದ ಒಂದು ಕಣ ನೆಲ ಮುಟ್ಟುವಷ್ಟರಲ್ಲಿ ದೊಡ್ಡ ಸುರಿಮಳೆಯೇ ಆಗಬಲ್ಲದು.

ಆ ಮಳೆಯಲ್ಲಿ ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರದ, ಪ್ರೋಟಾನಿಗಿಂತ ಹಗುರವಾದ ಇನ್ನೊಂದು ಕಣವೂ ಇತ್ತು. ನಡುವಣದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಮೆಸಾನ್ ಎಂಬ ಹೆಸರು ಸರಿಯೆಂದು 1939ರಲ್ಲಿ ಸೂಚಿಸಿದವರು ಭಾಭಾ. ಅದು ಬೇರೆಯದೇ ಜಾತಿಯ ಕಣವೆಂದು ತರುವಾಯ ತಿಳಿದು ಅದನ್ನು ಮ್ಯೂಆನ್ ಎಂದು ಕರೆದರು, ಮೆಸಾನ್ ಎಂಬ ಹೆಸರು ಮತ್ತೊಂದು ಕುಲಕ್ಕೆ ಉಳಿಯಿತು. ಈ ಮ್ಯೂಆನಿನ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದ ಎರಡು ಭಾಗದಷ್ಟು. ಬೆಳಕಿನ ವೇಗದಲ್ಲಿ ಓಡಿದರೂ ಆರೇಳುನೂರು ಮೀಟರಿನೊಳಗೆ ಅದು ಅಳಿಯಬೇಕು. ಆದರೂ ಹತ್ತು ಹದಿನೈದು ಕಿಲೋಮೀಟರು ಎತ್ತರದಿಂದ ನೆಲಕ್ಕೆ ಬಂದು ಮುಟ್ಟುತ್ತದೆ. ಅತಿ ವೇಗದಲ್ಲಿ ಚಲಿಸುವ ಕಣದ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನವಾಗುತ್ತದೆ ಎಂಬ ಐನ್‌ಸ್ಟೈನರ ಮಾತನ್ನು ಇಲ್ಲಿ ಕಾಣಬಹುದೆಂದು ಭಾಭಾ 1938ರಲ್ಲಿಯೇ ತೋರಿಸಿಕೊಟ್ಟಿದ್ದರು. ಕೈ ಚಾಚಿ ನಿಂತರೆ ಅಂಗೈಯ ಮೂಲಕ ಸೆಕೆಂಡಿಗೆ ಸುಮಾರು ಒಂದರಂತೆ ಈ ಕಣಗಳು ಹಾದುಹೋಗುತ್ತವೆ. ಬಲಿಪೂಜೆಯಲ್ಲಿ ಕೈಯೆತ್ತಿ ನಿಂತಾಗ, ಕಾಣುವುದನ್ನೂ ಕಾಣದಿರುವುದನ್ನೂ ಸೃಷ್ಟಿಸಿದವನಲ್ಲಿ ನಂಬಿಕೆಯನ್ನು ಸಾರುವಾಗ, ಈ ಸಂಗತಿ ನಮಗೆ ಎಷ್ಟೋ ಸಲ ನೆನಪಾಗುತ್ತದೆ.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದ ಭಾಭಾ, ಯುದ್ಧ ಆರಂಭವಾದ್ದರಿಂದ ಹಿಂದಿರುಗಲಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ವಿಭಾಗದಲ್ಲಿ ರೀಡರ್ ಹುದ್ದೆಗೆ ಸೇರಿದರು. ಅಜ್ಜನು ಶಾಲೆಗಳನ್ನು ನೋಡಿಕೊಂಡ ಸಂಸ್ಥಾನಕ್ಕೆ ಮೊಮ್ಮಗನು ಅಧ್ಯಾಪಕನಾಗಿ ಬಂದದ್ದು ಹೀಗೆ. ದೊರಾಬ್‌ಜಿ ಟಾಟಾ ಟ್ರಸ್ಟಿನ ನೆರವಿನಿಂದ ವಿಶ್ವಕಿರಣ ಸಂಶೋಧನ ಘಟಕ ತಲೆಯೆತ್ತಿತು. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಉಪಕರಣಗಳನ್ನು 30,000 ಅಡಿ ಎತ್ತರಕ್ಕೆ ಕಳುಹಿಸಿ ಬೆಂಗಳೂರಿನ ಆಕಾಶದ ಕಣಗಳನ್ನು ಎಣಿಸಲಾಯಿತು. ತರುಣ ವಿಕ್ರಮ್ ಸಾರಾಭಾಯಿ, ಗಣಿತಜ್ಞರಾಗಿ ಮುಂದೆ ಜಗತ್ಪ್ರಸಿದ್ಧರಾದ ಹರೀಶ್‌ಚಂದ್ರ ಇವರೂ ಅಂದು ಅಲ್ಲಿದ್ದರು. 1941ರಲ್ಲಿ ಭಾಭಾ ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು. ಆಗ ಅವರಿಗೆ ಮೂವತ್ತೊಂದು ವರ್ಷ.

ಯುದ್ಧ ಮುಗಿದೊಡನೆ ಇಂಗ್ಲೆಂಡಿಗೆ ಮರಳುವುದೇ ಅವರ ಮೊದಲ ಯೋಚನೆಯಾಗಿತ್ತು. ಬೆಂಗಳೂರಿನ ಆ ಆರು ವರ್ಷಗಳಲ್ಲಿ ಮನಸ್ಸು ಬದಲಾಯಿತು. ಸ್ವದೇಶದಲ್ಲಿಯೇ ನಿಂತು ಇಂಥದೊಂದು ವಿದ್ಯಾಲಯವನ್ನು ಕಟ್ಟುವುದು ತಮ್ಮ ಕರ್ತವ್ಯವೆಂದು ಅವರಿಗೆ ತೋರಿತು. 1944ರ ಮಾರ್ಚ್ 12ರಂದು ಟ್ರಸ್ಟಿನ ಅಧ್ಯಕ್ಷ ಸರ್ ಸೊರಾಬ್ ಸಕ್ಲಾತ್ವಾಲಾ ಅವರಿಗೆ ಬರೆದ ಪತ್ರದಲ್ಲಿ, ಮುಂದೊಂದು ದಿನ ಪರಮಾಣು ಶಕ್ತಿಯಿಂದ ವಿದ್ಯುತ್ತು ಉತ್ಪಾದಿಸುವಾಗ ನಿಪುಣರಿಗಾಗಿ ದೇಶವು ಹೊರಗೆ ಕೈಚಾಚಬೇಕಾಗಿರದು ಎಂಬ ಆಶಯವನ್ನು ವ್ಯಕ್ತಪಡಿಸಿದರು. ಹಿರೋಷಿಮಾಕ್ಕೆ ಇನ್ನೂ ಒಂದು ವರ್ಷದ ಮೇಲೆ ಕಾಲವಿತ್ತು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಸಾಗಿತು. 1948ರಲ್ಲಿ ಪರಮಾಣು ಶಕ್ತಿ ಆಯೋಗ ಸ್ಥಾಪಿತವಾದಾಗ ಅವರೇ ಅಧ್ಯಕ್ಷರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ಸ್ಥಾವರ ಚಾಲನೆಗೊಂಡಿತು.

ಅವರು ಅವಿವಾಹಿತರಾಗಿಯೇ ಉಳಿದರು. ಚಿತ್ರ ಬರೆಯುತ್ತಿದ್ದರು, ಪಾಶ್ಚಾತ್ಯ ಸಂಗೀತದಲ್ಲಿ ಮುಳುಗುತ್ತಿದ್ದರು. ಕಟ್ಟಡಕ್ಕೆ ಅಡ್ಡ ಬಂದ ಮರಗಳನ್ನು ಕಡಿಯಗೊಡದೆ ಬೇರುಸಹಿತ ಕಿತ್ತು ಬೇರೆಡೆ ನೆಡಿಸುತ್ತಿದ್ದರು.

ಕೋಲಾರದ ಚಿನ್ನದ ಗಣಿಗೆ ವಿಜ್ಞಾನಿಗಳನ್ನು ಇಳಿಸಿದ್ದೂ ಅವರ ದೂರದೃಷ್ಟಿಯೇ. ನೆಲದ ಆಳಕ್ಕೆ ಹೋದಂತೆ ವಿಶ್ವಕಿರಣಗಳನ್ನು ಬಂಡೆ ತಡೆಯುತ್ತದೆ. ಎಲ್ಲವನ್ನೂ ತಡೆದ ಮೇಲೆ ಉಳಿಯುವುದೇನು ಎಂಬುದು ಪ್ರಶ್ನೆ. ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಆ ಕೆಲಸಕ್ಕೆ ಇಳಿದರು. 1965ರಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಸಂಸ್ಥೆಯವರು ಬ್ರಿಟನ್ ಮತ್ತು ಜಪಾನಿನ ವಿಜ್ಞಾನಿಗಳೊಡನೆ ಕೂಡಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಕಂಡರು. ವಿದ್ಯುತ್ತಿಲ್ಲದ, ತೂಕ ಇಲ್ಲವೆನ್ನುವಷ್ಟು ಅಲ್ಪವಾದ, ಇಡೀ ಭೂಮಿಯನ್ನೇ ತೂರಿಹೋಗುವ ಕಣ ಅದು. ಚಿನ್ನ ತೆಗೆಯಲು ತೋಡಿದ ಬಾವಿಯಲ್ಲಿ ಚಿನ್ನಕ್ಕಿಂತ ದುರ್ಲಭವಾದದ್ದು ದೊರೆಯಿತು. ಆ ಗಣಿ 2001ರಲ್ಲಿ ಮುಚ್ಚಿತು.

ಧರ್ಮಕೇಂದ್ರದ ಗುರುಗಳಾದ ನಮ್ಮ ಮನಸ್ಸನ್ನು ಬಹಳವಾಗಿ ಕಾಡುವುದು ತುಂಬಾದ ಪ್ರಸಂಗ. ರಾಕೆಟ್ಟುಗಳನ್ನು ಹಾರಿಸಲು ಭೂಮಿಯ ಕಾಂತೀಯ ಸಮಭಾಜಕ ರೇಖೆಯ ಸಮೀಪದ ನೆಲ ಬೇಕಾಗಿತ್ತು. ಭಾಭಾ ಮತ್ತು ಸಾರಾಭಾಯಿ ಅವರಿಗೆ ಒಪ್ಪಿಗೆಯಾದದ್ದು ತಿರುವನಂತಪುರದ ಬಳಿಯ ಮೀನುಗಾರರ ಹಳ್ಳಿ. ಅಲ್ಲಿತ್ತು ಸಂತ ಮಗ್ದಲದ ಮರಿಯಳ ದೇವಾಲಯ. ಧರ್ಮಾಧ್ಯಕ್ಷ ಪೀಟರ್ ಬರ್ನಾರ್ಡ್ ಪೆರೇರಾ ಅವರು ಭಾನುವಾರದ ಪೂಜೆಯಲ್ಲಿ ವಿಷಯವನ್ನು ಜನರ ಮುಂದಿಟ್ಟರೆಂದೂ ಜನ ಒಪ್ಪಿದರೆಂದೂ ಹೇಳುತ್ತಾರೆ. ಕುಟುಂಬಗಳು ಬೇರೆಡೆಗೆ ಹೋದವು. ದೇವಾಲಯವೂ ಧರ್ಮಾಧ್ಯಕ್ಷರ ಮನೆಯೂ ಕಚೇರಿ ಕಾರ್ಯಾಗಾರಗಳಾದವು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಮೇಲೇರಿತು. ಈ ಕಥೆಯನ್ನು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ, ನಾವೂ ಹೇಳುತ್ತೇವೆ. ಆದರೆ ನಮ್ಮ ನೆರೆಯ ಮುದಗಲ್ಲಿನ ಪುರಾತನ ದೇವಾಲಯವನ್ನು, ಅಜ್ಜ ಮುತ್ತಜ್ಜಂದಿರು ದೀಕ್ಷಾಸ್ನಾನ ಪಡೆದ ತಾಣವನ್ನು, ಯಾರಾದರೂ ಹೀಗೆ ಕೇಳಿದರೆ ನಾವು ಕೊಡುತ್ತಿದ್ದೆವೇ? ಸಮುದ್ರವನ್ನೇ ನಂಬಿದ ಬಡವರು ತೀರವನ್ನು ಬಿಟ್ಟುಕೊಟ್ಟದ್ದು ಎಂಥ ತ್ಯಾಗವೆಂದು ಹೆಮ್ಮೆ ಪಡುವ ಮುನ್ನ ಅಳೆದು ನೋಡಬೇಕಾಗಿದೆ.

ಇನ್ನೊಂದು ವಿಷಯದಲ್ಲಿ ನಾವು ಭಾಭಾ ಅವರೊಡನೆ ಒಪ್ಪಲಾರೆವು. 1964ರ ಅಕ್ಟೋಬರಿನಲ್ಲಿ ಚೀನಾ ಅಣುಬಾಂಬು ಸಿಡಿಸಿದ ಬಳಿಕ, ಅದೇ ತಿಂಗಳ 24ರಂದು ಅವರು ಆಕಾಶವಾಣಿಯಲ್ಲಿ ಮಾತನಾಡಿ, ಅಂಥ ಅಸ್ತ್ರಕ್ಕೆ ತಗಲುವ ವೆಚ್ಚ ಜನರು ತಿಳಿದಷ್ಟು ದೊಡ್ಡದಲ್ಲವೆಂದು ಲೆಕ್ಕ ಒಪ್ಪಿಸಿದರು. ನಿಶ್ಶಸ್ತ್ರೀಕರಣವನ್ನೂ ಅದೇ ಭಾಷಣದಲ್ಲಿ ಅವರು ಬಯಸಿದ್ದರೆಂಬುದನ್ನು ಮರೆಮಾಚಬಾರದು. ಸುಮಾರು ಆರು ವಾರಗಳ ತರುವಾಯ, ಭಾಭಾ ವಾಸವಾಗಿದ್ದ ಮುಂಬಯಿ ನಗರಕ್ಕೇ, ಪರಮಪ್ರಸಾದ ಮಹಾಸಮ್ಮೇಳನಕ್ಕೆಂದು ಬಂದ ಜಗದ್ಗುರು ಆರನೆಯ ಪೌಲರು, ಶಸ್ತ್ರಾಸ್ತ್ರಗಳ ಪೈಪೋಟಿಯನ್ನು ನಿಲ್ಲಿಸಿ ಆ ಹಣವನ್ನು ಬಡ ರಾಷ್ಟ್ರಗಳಿಗೆ ವಿನಿಯೋಗಿಸಬೇಕೆಂದು ಲೋಕಕ್ಕೆ ಕರೆಯಿತ್ತರು. ಒಂದೇ ಊರು, ಒಂದೇ ಋತು, ಎರಡು ಲೆಕ್ಕಗಳು. ಇಪ್ಪತ್ಮೂರನೆಯ ಜಾನ್ ಜಗದ್ಗುರುಗಳು 1963ರಲ್ಲಿಯೇ ಅಣ್ವಸ್ತ್ರಗಳ ನಿಷೇಧವನ್ನು ಕೇಳಿದ್ದರು. 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆ, ನಗರಗಳನ್ನೇ ನಾಶಗೊಳಿಸುವ ಯುದ್ಧವನ್ನು ದೇವರಿಗೂ ಮನುಷ್ಯನಿಗೂ ವಿರುದ್ಧವಾದ ಅಪರಾಧವೆಂದು ಖಂಡಿಸಿತು. ನ್ಯೂಟ್ರಾನೊಂದು ಯುರೇನಿಯಮಿನ ಬೀಜಕೇಂದ್ರವನ್ನು ಒಡೆಯುವಾಗ ಅದಕ್ಕೆ ಕೈಗಾದ ದೀಪವೂ ತಿಳಿಯದು, ಹಿರೋಷಿಮಾದ ಬೂದಿಯೂ ತಿಳಿಯದು. ತಿಳಿಯಬೇಕಾದವನು ಅದನ್ನು ಬಿಡುವವನು. ನಮಗಿದು ದೂರದ ವಿಷಯವೂ ಆಗಿಲ್ಲ. ನೆರೆಯ ಯಾದಗಿರಿ ಜಿಲ್ಲೆಯ ಗೋಗಿಯ ನೆಲದಲ್ಲಿ ಯುರೇನಿಯಮಿನ ನಿಕ್ಷೇಪ ಪತ್ತೆಯಾಗಿ, ಅಲ್ಲಿಯ ರೈತರು ತಮ್ಮ ಬಾವಿ ಹೊಲಗಳ ಬಗ್ಗೆ ಆತಂಕದಿಂದ ದನಿಯೆತ್ತಿದ್ದನ್ನು ಕಂಡಿದ್ದೇವೆ.

ಮಹಾಸಭೆಯ ಆ ಘೋಷಣೆಯಾಗಿ ಏಳು ವಾರ ತುಂಬುವ ಹೊತ್ತಿಗೆ, 1966ರ ಜನವರಿ 24ರಂದು, ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಅವರಿದ್ದ ಏರ್ ಇಂಡಿಯಾದ ಕಾಂಚನಜುಂಗಾ ವಿಮಾನ ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 117 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಅವರಿಗೆ ಐವತ್ತಾರು ವರ್ಷ. ದೆಹಲಿಯಲ್ಲಿ ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಅದೇ ದಿನ. ಭಾಭಾ ಅವರ ದೇಹ ದೊರೆಯಲಿಲ್ಲ.

ಹಿಮನದಿ ಕರಗುತ್ತ ಬಂದಂತೆ ಆ ವಿಮಾನದ ಅವಶೇಷಗಳು ಒಂದೊಂದಾಗಿ ಹೊರಬರತೊಡಗಿದವು. 2012ರಲ್ಲಿ ಭಾರತ ಸರ್ಕಾರದ ರಾಜತಾಂತ್ರಿಕ ಅಂಚೆಯ ಚೀಲವೊಂದು ಪರ್ವತಾರೋಹಿಗಳಿಗೆ ಸಿಕ್ಕಿತು. 2020ರ ಬೇಸಿಗೆಯಲ್ಲಿ ಅಲ್ಲಿಯ ಉಪಾಹಾರ ಗೃಹದ ಮಾಲೀಕರೊಬ್ಬರಿಗೆ 1966ರ ಜನವರಿಯ ಭಾರತೀಯ ದಿನಪತ್ರಿಕೆಗಳು ದೊರೆತವು. ಇಂದಿರಾ ಗಾಂಧಿಯವರ ಆಯ್ಕೆಯ ಸುದ್ದಿಯನ್ನು ಹೊತ್ತ ಆ ಹಾಳೆಗಳನ್ನು ಅವರು ಬಿಡಿಸಿ ಒಣಗಲು ಹರಡಿದರು. ಐವತ್ತನಾಲ್ಕು ವರ್ಷ ಮಂಜಿನಲ್ಲಿದ್ದರೂ ಅಕ್ಷರಗಳು ಓದುವಂತಿದ್ದವು.